ಡಿಡಿಆರ್4 ಅಥವಾ ಡಿಡಿಆರ್5: ಹೊಸ ಪಿಸಿಗೆ ಯಾವ ರ‍್ಯಾಮ್?

ಮೊದಲು ಪ್ರೊಸೆಸರ್ ಆರಿಸಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ನ ಮದರ್‌ಬೋರ್ಡ್‌ಗೆ ಡಿಡಿಆರ್5 ಮಾತ್ರ, ಎಎಂ4ಗೆ ಡಿಡಿಆರ್4 ಮಾತ್ರ. ಇಂಟೆಲ್‌ನ 12ರಿಂದ 14ನೇ ಜನರೇಷನ್ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಎರಡೂ ಆಗುತ್ತದೆ, ಆದರೆ ಬೋರ್ಡ್ ಸಾಮಾನ್ಯವಾಗಿ ಒಂದಕ್ಕೇ ಇರುತ್ತದೆ, ಹಾಗಾಗಿ ಕೊಳ್ಳುವ ಮುಂಚೆ ಅದರ ವಿವರ ಓದಲೇಬೇಕು. ಎರಡೂ ಬಗೆಯ ರ‍್ಯಾಮ್‌ಗೆ 288 ಪಿನ್ ಇದ್ದರೂ ಕೆಳಗಿನ ಕಚ್ಚು ಬೇರೆ ಜಾಗದಲ್ಲಿದೆ. ಕೂರದಿದ್ದರೆ ದಯವಿಟ್ಟು ಒತ್ತಬೇಡಿ!

ಎಲ್ಲಾ ಹೊಸದಾಗಿ ಕೊಳ್ಳುತ್ತಿದ್ದರೆ ನಾನು ಡಿಡಿಆರ್5 ಅನ್ನೇ ಹೇಳುತ್ತೇನೆ, ಎಎಂ5 ಆದರೆ ಮುಂದೆ ಪ್ರೊಸೆಸರ್ ಬದಲಾಯಿಸಲು ದಾರಿ ಇರುತ್ತದೆ. ಒಳ್ಳೆಯ ಡಿಡಿಆರ್4 ಆಗಲೇ ಕೈಯಲ್ಲಿದ್ದು ಬಜೆಟ್ ಬಿಗಿ ಇದೆಯಾ? ಅದನ್ನೇ ಬಳಸಿ, ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ.

ಡಿಡಿಆರ್5ನ ಸಿಎಲ್ ಸಂಖ್ಯೆ (ಡೇಟಾ ಕೊಡುವ ಮುಂಚೆ ರ‍್ಯಾಮ್ ಎಷ್ಟು ಕ್ಲಾಕ್ ಕಾಯಿಸುತ್ತದೆ ಎಂಬ ಎಣಿಕೆ) ಜಾಸ್ತಿ ಇದೆ ಅಂತ ಹೆದರಬೇಡಿ. ಡಿಡಿಆರ್4 3200 ಸಿಎಲ್16, ಡಿಡಿಆರ್5 6000 ಸಿಎಲ್30, ಲೆಕ್ಕ ಹಾಕಿದರೆ ಎರಡರಲ್ಲೂ ಕಾಯುವ ಸಮಯ 10 ನ್ಯಾನೊಸೆಕೆಂಡೇ. ಎಎಂಡಿಯ ರೈಜನ್ 7000, 9000 ಪ್ರೊಸೆಸರ್‌ಗಳಿಗೆ ಈ 6000 ಸ್ಪೀಡ್ ಚೆನ್ನಾಗಿ ಹೊಂದುತ್ತದೆ.

ಡಿಡಿಆರ್5ನಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ಸ್ಪೀಡ್ ಇಳಿಯುತ್ತದೆ, ಎರಡೇ ಸಾಕು. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರಬಹುದು, ಬೋರ್ಡ್ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಆಫ್ ಮಾಡಬೇಡಿ. ಆಮೇಲೆ ಬೋರ್ಡ್‌ನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ, ಆಗಲೇ ರ‍್ಯಾಮ್ ಪ್ಯಾಕ್ ಮೇಲೆ ಬರೆದ ಸ್ಪೀಡ್‌ನಲ್ಲಿ ಓಡುತ್ತದೆ.