ಹಾಸ್ಟೆಲ್ ಹುಡುಗ ಪೋರ್ನ್ ಚಟದ ಬಗ್ಗೆ ಹೇಳಿಕೊಂಡರೆ ಏನು ಮಾಡಬೇಕು

ಹಗಲು ಕೆಮಿಸ್ಟ್ರಿ ಪಾಠ, ರಾತ್ರಿ ಹುಡುಗರ ಹಾಸ್ಟೆಲ್ ವಾರ್ಡನ್. ಮಂಡ್ಯದಲ್ಲಿ ಇದೇ ನನ್ನ ಕೆಲಸ. ಬೇರೆ ವಾರ್ಡನ್‌ಗಳಿಗೆ, ಮೇಷ್ಟ್ರುಗಳಿಗೆ, ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಈ ವಿಷಯವನ್ನು ಯಾರೂ ನೇರವಾಗಿ ಎತ್ತುವುದಿಲ್ಲ. ‘ಸರ್, ನಿದ್ದೆ ಬರ್ತಿಲ್ಲ’, ‘ಓದಿದ್ದು ತಲೆಗೆ ಹತ್ತುತ್ತಿಲ್ಲ’ ಅಂತ ಶುರುವಾಗುತ್ತದೆ. ಅವಸರ ಮಾಡದೆ ಕೂತರೆ ಮಾತು ತಾನಾಗಿ ಅಲ್ಲಿಗೆ ಬರುತ್ತದೆ. ಬಂದಾಗ ಮುಖ ಸಿಂಡರಿಸಬೇಡಿ, ನಗಬೇಡಿ. ಅವನನ್ನು ಕೇಳದೆ ಮನೆಗೆ ಫೋನ್ ಹಚ್ಚಲೂ ಬೇಡಿ. ಹಚ್ಚಿದರೆ ಅವನು ಮತ್ತೆ ನಿಮ್ಮ ರೂಮಿನ ಕಡೆ ತಲೆ ಹಾಕಲ್ಲ. ಅವನ ಸ್ನೇಹಿತರೂ ಅಷ್ಟೆ.

ಮೊದಲು ನೋಡಬೇಕಾದ್ದು, ಇದು ನಿಜಕ್ಕೂ ಚಟವಾ ಅಂತ. ನೋಡುವವರೆಲ್ಲ ಚಟಕ್ಕೆ ಬಿದ್ದವರಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, ಲೈಂಗಿಕ ವರ್ತನೆ ಕೈಮೀರಿ ಹೋಗುವುದನ್ನು ಒಂದು ಕಾಯಿಲೆ ಎಂದು ಸೇರಿಸಿದ್ದಾರೆ. ಆದರೆ ಕುಡಿತದ ಸಾಲಿನಲ್ಲಿ ಇಟ್ಟಿಲ್ಲ, ಮನಸ್ಸಿನ ತುಡಿತ ತಡೆಯಲಾಗದ ತೊಂದರೆಗಳ ಜೊತೆ ಇಟ್ಟಿದ್ದಾರೆ. ಸಾಮಾನ್ಯವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ನಡೆದಿರಬೇಕು. ಬಿಡಲು ನೋಡಿ ಸೋತಿರಬೇಕು, ಇಲ್ಲವೇ ಓದು, ಆರೋಗ್ಯ, ಜೊತೆಗಾರರು ಹಿಂದೆ ಬಿದ್ದಿರಬೇಕು. ಎಷ್ಟೋ ಸಲ ಖುಷಿ ಸಿಗದಿದ್ದರೂ ನೋಡುತ್ತಲೇ ಇರುತ್ತಾರೆ. ಅದೇ ಪಟ್ಟಿಯಲ್ಲಿ ಇನ್ನೊಂದು ಮಾತಿದೆ: ಬರೀ ‘ಪಾಪ ಮಾಡಿದೆ’ ಎಂಬ ಕೊರಗನ್ನೇ ಕಾಯಿಲೆ ಎನ್ನುವಂತಿಲ್ಲ. ನಮ್ಮ ಕಡೆಗೆ ಜಾಸ್ತಿ ಬೇಕಾದ್ದು ಈ ಮಾತೇ. ಯಾವಾಗಲೋ ಒಮ್ಮೆ ನೋಡಿ ವಾರಗಟ್ಟಲೆ ಕೊರಗುವವನಿಗೂ, ಬೆಳಗಿನ ಜಾವದವರೆಗೆ ನೋಡಿ ಇಂಟರ್ನಲ್ಸ್ ತಪ್ಪಿಸುವವನಿಗೂ ಒಂದೇ ಮದ್ದು ಅಲ್ಲ. ಮೊದಲನೆಯವನಿಗೆ ಬೇಕಾದ್ದು ಧೈರ್ಯ.

‘ಎಷ್ಟು ನೋಡ್ತೀಯಾ’ ಅಂತ ಕೇಳಿದರೆ ಸುಳ್ಳು ಬರುತ್ತದೆ. ‘ಯಾವಾಗ ನೋಡ್ತೀಯಪ್ಪ’ ಅಂತ ಕೇಳಿ. ನಾಗಮಂಗಲ ಕಡೆಯ ಒಬ್ಬ ಹುಡುಗ ಇದ್ದ. ನಾಲ್ಕು ಮಂಚದ ರೂಮಿನಲ್ಲಿ ಒಂದೇ ಪ್ಲಗ್ ಪಾಯಿಂಟ್. ಹಟ ಮಾಡಿ ಅದರ ಪಕ್ಕದ ಮಂಚವನ್ನೇ ಹಿಡಿದಿದ್ದ. ಬೆಳಗಿನ ಲ್ಯಾಬಿಗೆ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ, ಬ್ಯೂರೆಟ್ ರೀಡಿಂಗ್ ತೆಗೆಯುವಾಗ ಕೈ ತಡವರಿಸುತ್ತಿತ್ತು. ‘ಯಾವಾಗ’ ಎಂದು ಕೇಳಿದ್ದಕ್ಕೆ ತುಂಬಾ ಹೊತ್ತು ಫೋನ್ ತಿರುಗಿಸುತ್ತಾ ಕೂತಿದ್ದು, ‘ಅಪ್ಪನ ಫೋನ್ ಬಂದ ರಾತ್ರಿ ಸರ್’ ಅಂದ. ಅಪ್ಪನದು ಒಂದೇ ಮಾತು: ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ ಕಣಪ್ಪ, ಫೀಸಿಗೆ ಸ್ವಲ್ಪ ತಡಿ. ಫೋನ್ ಇಟ್ಟ ಮೇಲೆ ಹೊದಿಕೆಯೊಳಗೆ ಹೋದರೆ ಬೆಳಗಾಗುತ್ತಿತ್ತು. ಅವನಿಗೆ ಬುದ್ಧಿವಾದ ಹೇಳುವುದರಿಂದ ಏನಾಗುತ್ತದೆ? ಆಫೀಸಿನಲ್ಲಿ ಮಾತಾಡಿ ಫೀಸನ್ನು ಕಂತು ಮಾಡಿಸಿದೆ. ರಾತ್ರಿಗಳು ಒಮ್ಮೆಲೇ ಸರಿಹೋಗಲಿಲ್ಲ, ಕಡಿಮೆಯಂತೂ ಆದವು. ಬೇರೆಯವರಿಗೆ ಕಾರಣ ಬೇರೆ ಇರುತ್ತದೆ: ಭಾನುವಾರದ ಖಾಲಿ ಹಾಸ್ಟೆಲ್, ಇಂಗ್ಲಿಷ್ ಮೀಡಿಯಂ ಹೆದರಿಕೆ, ಮುರಿದ ಪ್ರೀತಿ. ನೀವು ಹುಡುಕಬೇಕಾದ್ದು ಅದನ್ನು.

ಇನ್ನು ದಿನದ ಕೆಲಸ. ಮಲಗುವಾಗ ಫೋನ್ ಹಾಸಿಗೆಯಲ್ಲಿ ಇರಬಾರದು, ಕಾರಿಡಾರಿನಲ್ಲೋ ನಿಮ್ಮ ರೂಮಿನಲ್ಲೋ ಚಾರ್ಜಿಗೆ ಹಾಕಿಸಿ. ಅಲಾರಂಗೆ ಒಂದು ಹಳೇ ಗಡಿಯಾರ ಸಾಕು. ತುಡಿತ ಬಂದಾಗ ಅದರ ಜೊತೆ ಗುದ್ದಾಡಬೇಡ, ಎದ್ದು ನಾಲ್ಕು ಜನ ಇರುವ ಕಡೆ ಹೋಗು ಅನ್ನಿ. ಅದು ಏರಿ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಬ್ಲಾಕ್ ಮಾಡುವ ಆ್ಯಪ್‌ಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಮ್ಮ ಬಿಸಿಎ ಹುಡುಗರು ಚಹಾ ಆರುವುದರೊಳಗೆ ಬಿಚ್ಚಿಡುತ್ತಾರೆ. ಆದರೂ ಇರಲಿ, ಬಿಚ್ಚುವಷ್ಟು ಹೊತ್ತು ಯೋಚಿಸಲು ಸಿಗುತ್ತದಲ್ವಾ?

ಆಣೆ ಮಾತ್ರ ಹಾಕಿಸಬೇಡಿ. ಚಾಮುಂಡಿ ಬೆಟ್ಟ ಹತ್ತಿ ‘ಇನ್ನು ಜನ್ಮದಲ್ಲಿ ನೋಡಲ್ಲ’ ಅಂದವನು ಒಂದು ದಿನ ಜಾರಿದರೆ, ‘ಹೇಗೂ ಕೆಟ್ಟೆ’ ಅಂತ ಇಡೀ ರಾತ್ರಿ ಕೂರುತ್ತಾನೆ. ಜಾರಿದ ದಿನವೂ ಬಂದು ಹೇಳು ಅನ್ನಿ.

ಇನ್ನೊಂದು, ನನಗೆ ಸಿಟ್ಟು ಬರುವ ವಿಷಯ. ಗೋಡೆ ಮೇಲೆ ‘ಗುಪ್ತ ಸಮಸ್ಯೆ’, ‘ಧಾತು ನಷ್ಟ’ ಅಂತ ಬರೆದು ನಂಬರ್ ಹಾಕಿರುತ್ತಾರಲ್ಲ, ಹುಡುಗರು ಮೆಸ್ ದುಡ್ಡು ಅಲ್ಲಿಗೆ ಸುರಿದು ಲೇಹ್ಯದ ಡಬ್ಬ ತರುತ್ತಾರೆ. ಹಸ್ತಮೈಥುನದಿಂದ ರಕ್ತ ಕಡಿಮೆಯಾಗಲ್ಲ, ನೆನಪು ಹೋಗಲ್ಲ, ಗಂಡಸ್ತನ ಹೋಗಲ್ಲ. ಇದನ್ನು ಬಾಯಿಬಿಟ್ಟು ಹೇಳಿ. ಈ ಹೆದರಿಕೆ ಹೋದರೇ ಅರ್ಧ ಭಾರ ಇಳಿಯುತ್ತದೆ.

ಕಾನೂನಿನ ವಿಷಯ ಹುಡುಗರಿಗೆ ಗೊತ್ತಿರುವುದಿಲ್ಲ. ಇಂಥ ವಿಡಿಯೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಐಟಿ ಕಾಯ್ದೆಯ 67ಎ ಕಲಂ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಆಗಬಹುದು. 18 ವರ್ಷದೊಳಗಿನವರದ್ದಾದರೆ ಹುಡುಕುವುದೂ ಡೌನ್‌ಲೋಡ್ ಮಾಡುವುದೂ ಅಪರಾಧ. ಅಪರಿಚಿತ ಹುಡುಗಿಯ ಹೆಸರಲ್ಲಿ ವಿಡಿಯೋ ಕಾಲ್ ಬಂದು, ಅದನ್ನು ರೆಕಾರ್ಡ್ ಮಾಡಿ ದುಡ್ಡು ಕೇಳಿದರೆ ಒಂದು ರೂಪಾಯಿಯೂ ಕಳಿಸದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಇಷ್ಟಾದರೂ ಕೈಗೆ ಸಿಗದಿದ್ದರೆ ಡಾಕ್ಟರ್ ಬೇಕು. ಎಷ್ಟೋ ಸಲ ಇದರ ಕೆಳಗೆ ಖಿನ್ನತೆಯೋ ಆತಂಕವೋ ಇರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ, ಅವನನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಎರಡರಲ್ಲೂ ಮನೋರೋಗ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಇದೆ. ಮೊದಲ ಸಲ ಜೊತೆಗೆ ನೀವೇ ಹೋಗಿ. ಚೀಟಿ ಮಾಡಿಸುವ ಕಡೆ ಹಿಂದೆ ಕ್ಯೂ ನಿಂತಿರುತ್ತದೆ, ಏನು ತೊಂದರೆ ಅಂತ ಗಟ್ಟಿಯಾಗಿ ಕೇಳುತ್ತಾರೆ. ಅಲ್ಲಿ ‘ನಿದ್ದೆ ಬರಲ್ಲ’ ಅಂದರೆ ಸಾಕು. ಉಳಿದದ್ದು ಒಳಗೆ, ಡಾಕ್ಟರ್ ಮುಂದೆ. ಆಗ ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.