ರಂಗದ ಮೇಲಿನ ಬತ್ತಿ ಮೆಲ್ಲಗೆ ಆರುವಂತೆ ಮಾಡಿದ್ದು ಹೀಗೆ

ನಾಟಕದ ಕೊನೆಗೆ ನಟಿಯ ಕೈಲಿರುವ ಮೇಣದಬತ್ತಿ ನಿಧಾನವಾಗಿ ಆರಬೇಕಿತ್ತು. ಪರದೆಗಳ ನಡುವೆ ನಿಜವಾದ ಬೆಂಕಿ ಬೇಡ. ವೈರ್ ಎಳೆಯುವ ಹಾಗೂ ಇಲ್ಲ. ಅಂಗಡಿಯಲ್ಲಿ ಸಿಕ್ಕ ಬ್ಯಾಟರಿ ಬತ್ತಿಗೆ ಆನ್, ಆಫ್ ಮಾತ್ರ ಗೊತ್ತು.

ಅದರ ಎಲ್‌ಇಡಿ ಮಾತ್ರ ಉಳಿಸಿಕೊಂಡು ಉಳಿದದ್ದನ್ನು ತೆಗೆದೆ. ಪ್ರೋಗ್ರಾಂ ಮಾಡಬಹುದಾದ ಪುಟ್ಟ ವೈಫೈ ಬೋರ್ಡ್ ಇಎಸ್‌ಪಿ8266, ಕರೆಂಟನ್ನು ಆನ್-ಆಫ್ ಮಾಡುವ ಸಣ್ಣ ಮಾಸ್‌ಫೆಟ್, 3.7 ವೋಲ್ಟ್ ಲಿಥಿಯಂ ಸೆಲ್ ಸೇರಿಸಿದೆ. ಎಲ್‌ಇಡಿಗೆ ಕರೆಂಟ್ ಮಿತಿಯಲ್ಲಿಡುವ ರೆಸಿಸ್ಟರ್ ಇರಲೇಬೇಕು. ಲೈಟಿಂಗ್ ಟೇಬಲ್ ಹತ್ತಿರ ಇನ್ನೊಂದು ಬೋರ್ಡ್, ಅದಕ್ಕೊಂದು ತಿರುಗಿಸುವ ಗುಂಡಿ. ಎರಡೂ ಇಎಸ್‌ಪಿ-ನೌ ಎಂಬ ವೈರ್‌ಲೆಸ್ ವಿಧಾನದ ಮೂಲಕ ನೇರ ಮಾತಾಡುತ್ತವೆ, ರೂಟರ್ ಬೇಡ.

ಕಾಡಿದ್ದು ಬೆಳಕಿನ ಕೊನೆಯ ಹಂತ. ಗುಂಡಿ ತಿರುಗಿಸುತ್ತಾ ಹೋದರೆ ಬಹಳ ಹೊತ್ತು ಏನೂ ಬದಲಾದಂತೆ ಕಾಣದು, ಆಮೇಲೆ ಒಮ್ಮೆಗೇ ಕತ್ತಲು. ನಮ್ಮ ಕಣ್ಣು ಮಂದ ಬೆಳಕಿನ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ. ಬೆಳಕಿಗೆ ಇದ್ದ 255 ಮೆಟ್ಟಿಲಿನಲ್ಲಿ 2ರಿಂದ 1ಕ್ಕೆ ಇಳಿದರೆ ಬೆಳಕು ಅರ್ಧ ಆಯಿತು, ಅಲ್ವಾ? ಅದಕ್ಕೆ ಪಿಡಬ್ಲ್ಯುಎಂ (ಎಲ್‌ಇಡಿಯನ್ನು ಬಹಳ ವೇಗವಾಗಿ ಆನ್-ಆಫ್ ಮಾಡಿ ಬೆಳಕು ತಗ್ಗಿಸುವ ವಿಧಾನ) ಅನ್ನು 1023 ಮೆಟ್ಟಿಲಿಗೆ ಏರಿಸಿ, 2.2ರ ಗಾಮಾ, ಅಂದರೆ ಕಣ್ಣಿಗೆ ಹೊಂದುವಂತೆ ಬೆಳಕನ್ನು ಬಾಗಿಸುವ ಲೆಕ್ಕ, ಹಾಕಿದೆ. ಈಗ ಗುಂಡಿ ಅರ್ಧಕ್ಕಿದ್ದರೆ ಎಲ್‌ಇಡಿಗೆ ಹೋಗುವುದು ಸುಮಾರು 22 ಶೇಕಡಾ. ಕಣ್ಣಿಗೆ ಅದೇ ಅರ್ಧದಂತೆ ಕಾಣುತ್ತದೆ. ನನ್ನ ಪ್ರಕಾರ ಈ ಕೆಲಸದ ಜೀವ ಇದೇ.

ಬತ್ತಿಯ ಬೋರ್ಡ್ ಹೊಸ ಸಂಖ್ಯೆಗೆ ತಕ್ಷಣ ಹಾರದೆ, ಮೆಲ್ಲಗೆ ಸರಿಯುವಂತೆ ಪ್ರೋಗ್ರಾಂ ಬರೆದೆ. ಸಿಗ್ನಲ್ ತಪ್ಪಿದರೆ ಇದ್ದ ಬೆಳಕೇ ಉಳಿಯುತ್ತದೆ. ಬೋರ್ಡ್ ಆನ್ ಆಗುವಾಗ ಬತ್ತಿ ಮಿಂಚುತ್ತಿತ್ತು. ಮಾಸ್‌ಫೆಟ್‌ಗೆ ಹೋಗುವ ಸಂಪರ್ಕವನ್ನು ಬೋರ್ಡಿನ ಜಿಪಿಐಓ 5 ಎಂಬ ಪಿನ್‌ಗೆ ಬದಲಿಸಿ, ಮಾಸ್‌ಫೆಟ್‌ನ ನಿಯಂತ್ರಣ ಕಾಲಾದ ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದ ಮೇಲೆ ಅದೂ ನಿಂತಿತು.