ಮುನ್ನೂರರ ಲೆನ್ಸಿಗೆ ಸಿಕ್ಕ ಕೆನ್ನೀಲಿ ಬಕ

ಆರುನೂರು ಎಂಎಂನ ದೊಡ್ಡ ಲೆನ್ಸ್ ಇಲ್ಲದೆ ಕೆನ್ನೀಲಿ ಬಕದ (ಪರ್ಪಲ್ ಹೆರಾನ್) ಕ್ಲೋಸಪ್ ಆಗೋದೇ ಇಲ್ಲ ಎಂದು ನಮ್ಮ ಗೆಳೆಯರೆಲ್ಲ ಹೇಳಿದ್ದರು. ಬೆಳ್ಳಕ್ಕಿ ಬೇಕಾದರೆ ತೆಗಿ, ಜೊಂಡಿನೊಳಗಿನ ಈ ನಾಚಿಕೆ ಹಕ್ಕಿ ಬೇಡ ಅಂತ. ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ 300 ಎಂಎಂ ಎಫ್/4 ಲೆನ್ಸ್. ಅದರಲ್ಲೇ ಆಯ್ತು. ಕೊಕ್ಕಿನ ತುದಿಯ ನೀರಹನಿ ಎಣಿಸಬಹುದು, ಅಷ್ಟು ಚೆನ್ನಾಗಿ.

ಜಾಗ ದಾವಣಗೆರೆ ಕಡೆಯದು. ಭದ್ರಾ ನಾಲೆಯ ಬಸಿನೀರು ನಿಂತು ಆದ ಜೌಗು. ಮಳೆಗಾಲದ ಭತ್ತ ಮುಗಿದು ನಾಲೆ ನಿಂತ ಮೇಲೆ ಜೌಗು ಕುಗ್ಗುತ್ತದೆ. ಜಿಲೇಬಿ ಮೀನೆಲ್ಲ ಗುಂಡಿಗಳಿಗೆ ಸೇರುತ್ತವೆ. ಬಕ ಅಲ್ಲಿಗೇ ಬರಬೇಕು, ಬೇರೆ ದಾರಿಯಿಲ್ಲ.

ದುಡ್ಡು ಹೋದದ್ದು ಹಕ್ಕಿಗೆ ಕಾಣದ ಹಾಗೆ ಅಡಗಿ ಕೂರುವ ಮರೆಗೆ. ಮೊದಲು ಹಸಿರು ಶೇಡ್ ನೆಟ್, ಸುಮಾರು 800 ರೂಪಾಯಿ. ಬಿಸಿಲು ಬಿದ್ದರೆ ಮಿನುಗುತ್ತದೆ, ಗಾಳಿಗೆ ಪಟಪಟ ಬಡಿಯುತ್ತದೆ. ಆಮೇಲೆ ರೆಡಿಮೇಡ್ ಕ್ಯಾಮೊ ಟೆಂಟ್, ನಾಲ್ಕೂವರೆ ಸಾವಿರದ ಹತ್ತಿರ. ಜೊಂಡಿನ ಮೇಲೆ ಗುಡ್ಡದ ಹಾಗೆ ಎದ್ದು ಕಾಣುತ್ತಿತ್ತು. ಐವತ್ತು-ಅರವತ್ತು ಮೀಟರ್ ದೂರದಲ್ಲೇ ಬಕ ಹಾರಿಹೋಗುತ್ತಿತ್ತು. ಲಾರಿ ಟ್ಯೂಬಿನ ಮೇಲೆ ಪ್ಲೈವುಡ್ ಕಟ್ಟಿ ತೇಲುವ ಮರೆಯನ್ನೂ ಮಾಡಿದೆ. ಜೊಂಡಿನಲ್ಲಿ ಅದು ಅಲ್ಲಾಡಲೇ ಇಲ್ಲ. ತೆರೆದ ನೀರಿನ ಬಾತುಗಳಿಗೆ ಮಾತ್ರ ಬಲು ಚೆನ್ನಾಗಿದೆ, ಅದರ ಕಥೆ ಇನ್ನೊಮ್ಮೆ.

ಕೊನೆಗೆ ಕೆಲಸಕ್ಕೆ ಬಂದದ್ದು ಹಳೇ ಗೋಣಿಚೀಲ. ಸೊಂಟದೆತ್ತರ ಗೂಟ ಹೊಡೆದು, ಗೋಣಿ ಹೊದಿಸಿ, ಅಲ್ಲಿನದೇ ಒಣ ಜೊಂಡು ಸಿಕ್ಕಿಸಿ ಹತ್ತು ದಿನದಷ್ಟು ಸುಮ್ನೆ ಬಿಟ್ಟೆ. ಗದ್ದೆಯವರಿಗೆ ಮೊದಲೇ ಹೇಳಿದ್ದೆ. ಖರ್ಚು ನೂರೈವತ್ತು ದಾಟಿರಲಿಕ್ಕಿಲ್ಲ. ಬೆಳಕು ಹರಿಯುವ ಮುಂಚೆ ಒಳಗೆ ಹೋಗಬೇಕು, ಬಕ ತಾನಾಗಿ ಹೋಗುವ ತನಕ ಹೊರಬರಬಾರದು. ತಡವಾದರೆ ಇಬ್ಬರು ಹೋಗಿ, ಒಬ್ಬರು ವಾಪಸ್ ಬನ್ನಿ. ಜನ ಹೋದರು ಎಂದುಕೊಂಡು ಹಕ್ಕಿ ಮರಳುತ್ತದೆ. ಲೆನ್ಸ್ ನೀರಿನಿಂದ ಒಂದು ಗೇಣು ಮೇಲಿರಲಿ.

ಕ್ಯಾಮೆರಾ ಸೆಟ್ಟಿಂಗ್ ಶಟರ್ 1/1600 ಸೆಕೆಂಡ್, ಎಫ್/5.6, ಐಎಸ್‌ಒ 1600ರ ಆಸುಪಾಸು. ಆದರೆ ನೋಡಬೇಕಾದ್ದು ಕತ್ತನ್ನು. ಬಕ ಮುಂದಕ್ಕೆ ವಾಲುತ್ತದೆ, ಕತ್ತು ಮೆಲ್ಲಗೆ ತೂಗುತ್ತದೆ. ಆ ತೂಗಾಟ ನಿಂತಿತೋ, ಒತ್ತಿ. ಕೊಕ್ಕು ಹೊರಟದ್ದನ್ನು ಕಂಡು ಒತ್ತಿದರೆ ಸಿಗುವುದು ಬರೀ ನೀರಿನ ಚಿಮ್ಮು. ಶಟರ್ ಸದ್ದು ಅಡಗಿಸಲು ನಾನು ಏನು ಸುತ್ತುತ್ತೇನೆ, ಯಾವ ಗುಂಡಿಗೆ ಬಕ ಬರುತ್ತದೆಂದು ಹಿಂದಿನ ಸಂಜೆಯೇ ಹೇಗೆ ಗೊತ್ತಾಗುತ್ತದೆ, ಅವೆರಡೂ ನನ್ನಲ್ಲೇ ಇರಲಿ.

ನಡುವೆ ಮುಸ್ಸಂಜೆಯ ಇರುಳು ಬಕಕ್ಕೂ ಕೂತೆ. ಐಎಸ್‌ಒ 6400ಕ್ಕೆ ಏರಿಸಿದರೂ ಕಣ್ಣಿನ ಕೆಂಪು ಬಿಟ್ಟರೆ ಏನೂ ಉಳಿಯಲಿಲ್ಲ. ಗದ್ದೆ ಉಳುವ ಟ್ರ್ಯಾಕ್ಟರ್ ಹಿಂದೆ ಬರುವ ಕೊಳದ ಬಕಗಳಿಗೆ (ಪಾಂಡ್ ಹೆರಾನ್) ಮರೆಯೇ ಬೇಡ, ಬೈಕ್ ಮೇಲೆ ಕೂತೇ ತೆಗೆಯಬಹುದು.

ಕೆನ್ನೀಲಿ ಬಕ ಜೊಂಡು ಬಾಗಿಸಿ ಗೂಡು ಹಾಕಲು ಶುರು ಮಾಡಿದ ಕೂಡಲೇ ಗೋಣಿ ಕಿತ್ತು ತಂದೆ. ಈಗ ಇನ್ನೊಂದು ಅಂಚಿನಲ್ಲಿ ಕೆಂಪು ಗುಪ್ಪಿಗೆ (ಬಕದ ಜಾತಿಯದೇ ಚಿಕ್ಕ ಹಕ್ಕಿ, ಬಿಟ್ಟರ್ನ್) ಕೂರುತ್ತಿದ್ದೇನೆ. ಅದು ಕತ್ತೆತ್ತಿ ಕಡ್ಡಿಯ ಹಾಗೆ ನಿಂತರೆ ಆಟೊಫೋಕಸ್ ಜೊಂಡನ್ನೇ ಹಿಡಿಯುತ್ತದೆ. ಹಾಗಾಗಿ ಕೈಯಲ್ಲೇ ಫೋಕಸ್ ಮಾಡುತ್ತಿದ್ದೇನೆ.